ಅಕ್ಕನ ಮಗಳ ಹೆವಿ ಮೆಟಲ್

ಈ ಹೊತ್ತು ಜಗತ್ತಿನಲ್ಲಿ ಅತಿ ಹೆಚ್ಚು ಜನ ಕೇಳುವ ಹೆವಿ ಮೆಟಲ್ ತಂಡಗಳು ಯಾವುವು ಎಂದು ನನ್ನನ್ನು ಕೇಳಿದರೆ, ಸುಮಾರಾಗಿ ಸರಿಯಾದ ಉತ್ತರವನ್ನೇ ಹೇಳಬಲ್ಲೆ. ಐವತ್ತು ದಾಟಿದ, ಪಂಚೆ ಉಟ್ಟು ಕೆಲಸಕ್ಕೆ ಹೋಗುವ, ಕಾಪುವಿನಲ್ಲಿ ಮೈಕು ಸ್ಪೀಕರು ಬಾಡಿಗೆಗೆ ಕೊಡುವ ಮನುಷ್ಯನಿಗೆ ಈ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದ್ದಾಳೆ. ಹವ್ಯಾಸಕ್ಕೆಂದು ಕಲಿತದ್ದಲ್ಲ ಅದು. ಒಂದು ತಪ್ಪು ಮಾಡಿ, ಅದನ್ನು ಮುಚ್ಚಿಕೊಳ್ಳಲು ದಾರಿ ಹುಡುಕುತ್ತಾ ಹೋಗಿ ಕಲಿತದ್ದು. ಆ ತಪ್ಪಿನ ಬಗ್ಗೆ ಬರೆಯುತ್ತಿದ್ದೇನೆ.

ನಮ್ಮ ಕೆಲಸದಲ್ಲಿ ಯಾರೂ ಬರೆದಿಡದ ಒಂದು ಕಟ್ಟಳೆ ಇದೆ. ಭಜನೆಯಲ್ಲಿ ಹಾಡುವವರ ಸ್ವರ ಒಡೆದರೆ, ಯಕ್ಷಗಾನದಲ್ಲಿ ಭಾಗವತರಿಗೆ ಕೆಮ್ಮು ಬಂದರೆ, ಮದುವೆಯಲ್ಲಿ ನಾಲ್ಕು ಮಾತು ಆಡಲು ಎದ್ದ ಹಿರಿಯರು ಗಂಟಲು ಸರಿಮಾಡಿಕೊಂಡರೆ, ಅದು ಸಭೆಗೆ ಕೇಳಬಾರದು. ಮೈಕುಗಳ ವಯರೆಲ್ಲ ಬಂದು ಸೇರುವ ಮಿಕ್ಸರಿನ ಮುಂದೆ ಕುಳಿತವನು ಆ ಮೈಕಿನ ಫೇಡರನ್ನು, ಎಂದರೆ ಸ್ವರವನ್ನು ಹೆಚ್ಚು ಕಡಿಮೆ ಮಾಡುವ ಜಾರುವ ಗುಂಡಿಯನ್ನು, ಕೆಮ್ಮಿಗಿಂತ ಅರೆಕ್ಷಣ ಮೊದಲೇ ಕೆಳಗೆ ಎಳೆದಿರಬೇಕು. ಕೆಮ್ಮು ಮುಗಿದ ಕೂಡಲೇ ಮೇಲೆ. ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು, ಬಾಯಿ ನೋಡಬೇಡ, ಭುಜ ನೋಡು, ಕೆಮ್ಮು ಮೊದಲು ಭುಜಕ್ಕೆ ಬರುತ್ತದೆ ಎಂದು. ಮೂವತ್ತು ವರ್ಷ ನಾನು ಜನರ ಭುಜ ನೋಡುತ್ತಾ ಬದುಕಿದ್ದೇನೆ. ಕಲ್ಯಾಣಪುರದ ಒಂದು ಭಜನಾ ಮಂಡಳಿಯ ಹಿರಿಯರೊಬ್ಬರು ಒಮ್ಮೆ ನನ್ನ ಬೆನ್ನು ತಟ್ಟಿ, "ನೀನು ಕೂತ್ರೆ ನಮಗೆ ಕೆಮ್ಮುವ ಧೈರ್ಯ ಬರ್ತದೆ ಮಾರಾಯ" ಎಂದಿದ್ದರು. ಹಾಡುವವರ ಮಾನ ಕಾಯುವವನು ಎಂಬ ಹೆಸರು ನನಗಿತ್ತು. ಆ ಹೆಸರಿನ ಮೇಲೆ ನನಗೆ ಸ್ವಲ್ಪ ಜಂಬವೂ ಇತ್ತು.

ಮಣಿಪಾಲದ ಕಾಲೇಜು ಹಬ್ಬಗಳ ಕೆಲಸ ನನಗೆ ಸಿಗಲು ಶುರುವಾಗಿ ಹತ್ತು ಹನ್ನೆರಡು ವರ್ಷವಾಯಿತು. ಮೊದಲ ಸಲ ಹೋದಾಗ ಉಡುಪಿಯವನೇ ಆದ ಒಬ್ಬ ವಿದ್ಯಾರ್ಥಿ ಗಿಟಾರನ್ನು ಒಂದು ಸಣ್ಣ ಪೆಟ್ಟಿಗೆಗೆ ಸಿಕ್ಕಿಸಿ, ಪೆಟ್ಟಿಗೆಯ ವಯರನ್ನು ನನ್ನ ಕಡೆಗೆ ಕೊಟ್ಟ. ತಂತಿ ಮುಟ್ಟಿದ್ದೇ ತಡ, ತಗಡನ್ನು ಕಲ್ಲಿನ ಮೇಲೆ ಎಳೆದ ಹಾಗೆ ಸದ್ದು ಬಂತು. ಹೊಸ ಸ್ಪೀಕರ್ ಸುಟ್ಟುಹೋಯಿತೆಂದುಕೊಂಡೆ. ಓಡಿ ಹೋಗಿ ವಯರು ಬದಲಾಯಿಸಿದೆ. ಮತ್ತೆ ಅದೇ ಸದ್ದು. ಇನ್ನೊಂದು ವಯರು ಹಾಕಿದೆ. ಮೂರನೆಯ ಸಲ ಓಡಿದಾಗ ಆ ಹುಡುಗ ಬಹಳ ಮರ್ಯಾದೆಯಿಂದ ಹೇಳಿದ, "ಅಂಕಲ್, ಅದು ಹಾಗೇ ಬರ್ಬೇಕು."

"ಹಾಳಾದ ಹಾಗೆ ಬರ್ಬೇಕಾ?"

"ಹೌದು ಅಂಕಲ್. ಹಾಳು ಮಾಡ್ಲಿಕ್ಕೇ ಈ ಪೆಟ್ಟಿಗೆ ತೆಗೊಂಡದ್ದು."

ನನ್ನ ಜೊತೆಗೆ ಕೆಲಸ ಮಾಡುವವರು ಒಬ್ಬರೇ, ಬಾಗಲಕೋಟೆ ಕಡೆಯವರು. ಕಟ್ಟಡದ ಕೆಲಸಕ್ಕೆಂದು ಈ ಊರಿಗೆ ಬಂದವರು ಹದಿನೈದು ವರ್ಷಗಳಿಂದ ನನ್ನ ಜೊತೆಗಿದ್ದಾರೆ, ಈಗ ಅರ್ಧ ಅಂಗಡಿ ಅವರದ್ದೇ ಎನ್ನಬೇಕು. ಆ ದಿನ ಅವರು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, "ಅಣ್ಣಾರ, ಇವ್ರಿಗೆ ಸಿಟ್ಟು ಯಾರ ಮ್ಯಾಲ ಐತ್ರೀ?" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಆದರೆ ಹಾಡು ಮುಗಿಸಿ ಕೆಳಗಿಳಿದ ಹುಡುಗರು ನಮ್ಮಿಬ್ಬರಿಗೂ ನೀರಿನ ಬಾಟಲಿ ತಂದುಕೊಟ್ಟರು, ವಯರು ಸುತ್ತಲು ಕೈಜೋಡಿಸಿದರು. ಸಿಟ್ಟಿನವರು ಎಂದು ನನಗೆ ಅನ್ನಿಸಲಿಲ್ಲ.

ಆಮೇಲೆ ವರ್ಷ ವರ್ಷವೂ ಹೋದೆವು. ಪ್ರತಿ ತಂಡವೂ ಮೊದಲೇ ಒಂದು ಹಾಳೆ ಕೊಡುತ್ತದೆ, ಯಾವ ಹಾಡು, ಮೂಲದಲ್ಲಿ ಯಾವ ತಂಡದ್ದು, ಎಷ್ಟು ಮೈಕ್ ಬೇಕು ಎಂದು. ಆ ಇಂಗ್ಲಿಷ್ ಹೆಸರುಗಳು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ, ಹಾಗಾಗಿ ನಾವಿಬ್ಬರೂ ನಮ್ಮದೇ ಹೆಸರಿಟ್ಟುಕೊಂಡೆವು. ದೊಡ್ಡಣ್ಣನವರು, ಅಸ್ಥಿಪಂಜರದವರು, ಮುಖವಾಡದವರು, ಬೆಂಕಿಯವರು. ಇಲ್ಲಿಯೂ ಆ ಹೆಸರಿನಿಂದಲೇ ಹೇಳುತ್ತೇನೆ. ಅಭಿಮಾನಿಗಳು ಸಿಟ್ಟಾಗಬಾರದು.

ಇನ್ನು ನನ್ನ ಅಕ್ಕನ ಮಗಳ ವಿಷಯ. ಅಕ್ಕನನ್ನು ಕೊಟ್ಟದ್ದು ಕಾರ್ಕಳಕ್ಕೆ. ಅವಳ ಒಬ್ಬಳೇ ಮಗಳು ಮಣಿಪಾಲದಲ್ಲಿ ಫಿಸಿಯೋಥೆರಪಿ ಓದುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಆರು ವರ್ಷದವಳಿದ್ದಾಗ ಭಜನೆಗೆ ನನ್ನದೇ ಮೈಕಿನ ಮುಂದೆ, ಕಾಲ ಕೆಳಗೆ ಮಣೆ ಇಟ್ಟು ನಿಂತು ಹಾಡಿದವಳು. ಒಳ್ಳೆಯ ಸ್ವರ. ನಮ್ಮ ತುಳು ಮನೆಗಳಲ್ಲಿ ಅಕ್ಕನ ಮಕ್ಕಳು ಎಂದರೆ ಮಾವನಿಗೆ ಸ್ವಂತ ಮಕ್ಕಳಿಗಿಂತ ಒಂದು ತೂಕ ಹೆಚ್ಚು. ನನಗೆ ಮಕ್ಕಳೂ ಇಲ್ಲ. ಅವಳ ಮೇಲೆ ನನಗೆ ಎಷ್ಟು ಪ್ರೀತಿ ಎಂದರೆ, ಅವಳ ಶಾಲೆಯ ವಾರ್ಷಿಕೋತ್ಸವಗಳಿಗೆ ಬೇರೆ ಯಾರ ಸೌಂಡೂ ಬರಲು ನಾನು ಬಿಟ್ಟದ್ದಿಲ್ಲ.

ಹೋದ ವರ್ಷದ ಹಬ್ಬದ ಹಾಳೆಗಳಲ್ಲಿ ಒಂದರ ಮೇಲೆ ಅವಳ ಹೆಸರು ನೋಡಿ ಸಂತೋಷವೇ ಆಯಿತು. ಮೆಟಲ್ ಹಾಡುವ ತಂಡ, ನಾಲ್ವರು ಹುಡುಗರು, ಹಾಡುವವಳು ಇವಳು. ಅಂತಿಮ ಸುತ್ತಿಗೆ ನಾಲ್ಕು ತಂಡಗಳು ಬಂದಿದ್ದವು, ಇವಳದ್ದು ಕೊನೆಯ ಸರದಿ. ಸಂಜೆ ಐದೂವರೆಯ ಬಿಸಿಲು ಇನ್ನೂ ವೇದಿಕೆಯ ಮೇಲಿತ್ತು. ಅಕ್ಕ ಮತ್ತು ಭಾವ ಕಾರ್ಕಳದಿಂದ ಬಂದು ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಮಗಳು ಅವರಿಗೆ ಹೇಳಿದ್ದು ಇಂಗ್ಲಿಷ್ ಹಾಡು ಎಂದಷ್ಟೇ. ಭಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು.

ಹಾಡಿನ ಮೊದಲ ಭಾಗ ಮೆಲ್ಲಗಿನದು. ಅವಳು ಭಜನೆಯಲ್ಲಿ ಹಾಡಿದಷ್ಟೇ ಚೆನ್ನಾಗಿ ಹಾಡಿದಳು. ಭಾವ ತಲೆದೂಗುವುದು ನನ್ನ ಜಾಗದಿಂದ ಕಾಣುತ್ತಿತ್ತು. ಆಮೇಲೆ ಗಿಟಾರುಗಳು ಜೋರಾದವು. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿದಳು. ಭುಜ ಎದ್ದಿತು. ಗಂಟಲಿನ ಒಳಗಿಂದ, ಹೊಟ್ಟೆಯ ಬಲದಲ್ಲಿ, ಒಂದು ಗುಡುಗು ಹೊರಟಿತು. ಇದಕ್ಕೆ ಇವರು ಗ್ರೌಲ್ ಎನ್ನುತ್ತಾರೆ. ಅದರ ಮೊದಲ ಉಸಿರು ಸ್ಪೀಕರಿಗೆ ಮುಟ್ಟಿತೋ ಇಲ್ಲವೋ, ನನ್ನ ಬೆರಳು ಫೇಡರನ್ನು ಕೆಳಗೆ ಎಳೆದಿತ್ತು.

ಒಂದು ಸಲ ಅಲ್ಲ. ಅವಳು ಗುಡುಗಿದಾಗಲೆಲ್ಲ ಕೆಳಗೆ, ಮೆಲ್ಲಗೆ ಹಾಡಿದಾಗಲೆಲ್ಲ ಮೇಲೆ. ಬಹಳ ನಾಜೂಕಾಗಿ ಮಾಡಿದೆ, ಯಾರಿಗೂ ಗೊತ್ತಾಗುವಂತಿರಲಿಲ್ಲ. ಅವಳಿಗೂ ಗೊತ್ತಾಗಲಿಲ್ಲ. ಯಾಕೆಂದರೆ ಹಾಡುವವರ ಕಾಲ ಬುಡದಲ್ಲಿ ಅವರ ಸ್ವರ ಅವರಿಗೇ ಕೇಳಲೆಂದು ಇಡುವ ಸ್ಪೀಕರಿನ ದಾರಿಯೇ ಬೇರೆ. ಅದರಲ್ಲಿ ಅವಳ ಸ್ವರ ಪೂರ್ತಿ ಕೇಳುತ್ತಿತ್ತು. ಅವಳು ಊರಿಗೆಲ್ಲ ಕೇಳುತ್ತಿದೆ ಎಂದುಕೊಂಡು ಹಾಡಿದಳು, ಊರು ಬಾಯಿ ತೆರೆದ ಹುಡುಗಿಯನ್ನೂ ಗಿಟಾರನ್ನೂ ನೋಡಿತು.

ತೀರ್ಪುಗಾರರು ವೇದಿಕೆಗೆ ಬಂದು ಪ್ರತಿ ತಂಡದ ಬಗ್ಗೆ ನಾಲ್ಕು ಮಾತು ಹೇಳಿದರು. ಇವಳ ಬಗ್ಗೆ, ಸ್ವರ ತುಂಬಾ ಮಧುರ, ಆದರೆ ಗ್ರೌಲ್‌ಗೆ ಈ ಗಂಟಲು ಸಾಲದು, ಒತ್ತಾಯ ಮಾಡಿ ಹಾಳುಮಾಡಿಕೊಳ್ಳುವುದು ಬೇಡ ಎಂದರು. ಬಹುಮಾನ ಬರಲಿಲ್ಲ. ಭಾವ ಮಾತ್ರ ನನ್ನ ಹತ್ತಿರ ಬಂದು ಕೈ ಕುಲುಕಿ, "ಚಂದ ಹಾಡಿದಳು ಅಲ್ವಾ? ಸೌಂಡ್ ಕೂಡಾ ಭಾರೀ ಕ್ಲಿಯರ್ ಇತ್ತು" ಎಂದರು.

ಅವರು ಹೋದ ಮೇಲೆ ಅವಳು ಬಂದಳು. ವಯರು ಸುತ್ತುತ್ತಿದ್ದ ನನ್ನ ಎದುರು ನಿಂತು ಕೇಳಿದಳು, "ಮಾಮ, ಹೊರಗೆ ಹೇಗೆ ಕೇಳಿತು? ನನಗೆ ಸ್ಟೇಜಿನಲ್ಲಿ ಸರಿಯೇ ಇತ್ತು."

"ಗಿಟಾರ್ ಸ್ವಲ್ಪ ಜೋರಾಯ್ತು ಕಾಣ್ತದೆ" ಎಂದೆ.

"ನನ್ನ ಸ್ವರ?"

"ಇತ್ತು. ಅವರು ಹೇಳಿದ ಹಾಗೆ, ಸ್ವಲ್ಪ ಕಮ್ಮಿ."

ಇದು ಸುಳ್ಳು. ಹೇಳಲು ನನಗೆ ಏನೂ ಕಷ್ಟವಾಗಲಿಲ್ಲ. ಅವಳು ಹೌದಾ ಎಂದು ಹೇಳಿ, ಸ್ವಲ್ಪ ಹೊತ್ತು ನನ್ನ ಜೊತೆಗೆ ವಯರು ಸುತ್ತಿ, ಬಸ್ಸಿಗೆ ಹೊರಟಳು. ನಾನು ನನಗೇ ಸಮಾಧಾನ ಹೇಳಿಕೊಂಡೆ. ಮೂವತ್ತು ವರ್ಷದ ಅಭ್ಯಾಸ, ಭುಜ ಎದ್ದರೆ ಬೆರಳು ತನ್ನಷ್ಟಕ್ಕೇ ಹೋಗುತ್ತದೆ, ಇದರಲ್ಲಿ ನನ್ನದೇನು ಎಂದು. ಗಾಡಿಯಲ್ಲಿ ಕಾಪುವಿಗೆ ಬರುವಾಗ ಜೊತೆಗಾರರು ಎಂದಿನಂತೆ ಮಾತಾಡಲಿಲ್ಲ. ಅವರು ನನ್ನ ಪಕ್ಕದಲ್ಲೇ ಕುಳಿತಿದ್ದರು, ನನ್ನ ಕೈ ನೋಡಿದ್ದರು.

ನಾಲ್ಕೈದು ತಿಂಗಳು ಕಳೆದವು. ಅಕ್ಕ ಒಂದು ದಿನ ಫೋನಿನಲ್ಲಿ ಅದೂ ಇದೂ ಮಾತಾಡುತ್ತಾ ಹೇಳಿದಳು, "ಅವಳ ಕೆಮ್ಮು ಪೂರ್ತಿ ಹೋಯ್ತು ಮಾರಾಯ. ಎರಡು ವರ್ಷ ಕರಿಮೆಣಸಿನ ಕಷಾಯ ಕುಡಿಸಿದ್ದಕ್ಕೆ ಈಗ ಗುಣ ಆಯ್ತು."

"ಯಾವ ಕೆಮ್ಮು?"

"ಗೊತ್ತಿಲ್ವಾ ನಿನಗೆ? ದಿನಾ ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ಒಣಗಿಸ್ಲಿಕ್ಕೆ ಹೋದವಳು ಖೊರ್ ಖೊರ್ ಅಂತ ಮಾಡ್ತಾ ಇದ್ದಳು. ಡಾಕ್ಟರಿಗೆ ತೋರ್ಸುವ ಅಂದ್ರೆ ಬೇಡ ಅಂತ ಹಟ. ಕಷಾಯ ಕೊಟ್ರೆ ಮಾತ್ರ ಸುಮ್ಮನೆ ಕುಡೀತಿದ್ದಳು. ಈಗ ಎಂತ ಸದ್ದೂ ಇಲ್ಲ."

ಫೋನ್ ಇಟ್ಟ ಮೇಲೆ ನನಗೆ ಅರ್ಥವಾಯಿತು. ಎರಡು ವರ್ಷ ಆ ಹುಡುಗಿ ತಾರಸಿಯಲ್ಲಿ ನಿಂತು ಅಭ್ಯಾಸ ಮಾಡಿದ್ದಳು, ಅದನ್ನು ಬಚ್ಚಿಡಲು ಖಾರದ ಕಷಾಯವನ್ನು ಮಾತಿಲ್ಲದೆ ಕುಡಿದಿದ್ದಳು. ಈಗ ಬಿಟ್ಟಿದ್ದಾಳೆ. ತನ್ನ ಗಂಟಲಿಗೆ ಅದು ಆಗುವುದಿಲ್ಲ ಎಂದು ನಂಬಿ ಬಿಟ್ಟಿದ್ದಾಳೆ. ಸತ್ಯ ಗೊತ್ತಿದ್ದದ್ದು ಇಬ್ಬರಿಗೆ, ನನಗೆ ಮತ್ತು ಜೊತೆಗಾರರಿಗೆ, ಅವರು ನನ್ನ ಮರ್ಯಾದೆಗಾಗಿ ಬಾಯಿ ಮುಚ್ಚಿಕೊಂಡಿದ್ದರು.

ಆ ದಿನವೇ ಕಾರ್ಕಳಕ್ಕೆ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ನಾನು ಹೇಡಿ ಎಂದು ಹೇಳಿಬಿಟ್ಟರೆ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಹೋಗುವ ಬದಲು ನಾನು ಮಾಡಿದ್ದು ಈ ಸಂಶೋಧನೆ. ಈ ಗುಡುಗನ್ನು ನಿಜವಾಗಿ ಎಷ್ಟು ಜನ ಇಷ್ಟಪಟ್ಟು ಕೇಳುತ್ತಾರೆ, ಯಾರ್ಯಾರನ್ನು ಕೇಳುತ್ತಾರೆ ಎಂದು ತಿಳಿದುಕೊಂಡರೆ, ಹೋಗುವಾಗ ಕೈಯಲ್ಲಿ ಏನಾದರೂ ಇರುತ್ತದೆ ಎಂದುಕೊಂಡೆ.

ಮೊದಲು ಹಳೆಯ ಹಾಳೆಗಳ ಕಟ್ಟು ಬಿಚ್ಚಿದೆ. ಅದರಲ್ಲಿ ದೊಡ್ಡಣ್ಣನವರದ್ದೇ ಮೇಲುಗೈ. ಅಮೆರಿಕದ ನಾಲ್ವರು, ಹಾಡಲು ಶುರುಮಾಡಿ ನಲವತ್ತು ವರ್ಷ ದಾಟಿತು, ತಲೆ ನರೆತಿದೆ, ಇವತ್ತಿಗೂ ಮೈದಾನ ತುಂಬುತ್ತದೆ. ಗಿಟಾರ್ ಹಿಡಿದ ಯಾವ ಹುಡುಗನೂ ಮೊದಲು ಕಲಿಯುವುದು ಅವರ ಮೆಲ್ಲಗಿನ ಒಂದು ಹಾಡನ್ನು. ಅಂಗಿಗಳ ಲೆಕ್ಕ ಬೇರೆ. ಬನ್ನಂಜೆಯಲ್ಲಿ ಟೀ ಶರ್ಟಿಗೆ ಚಿತ್ರ ಅಚ್ಚು ಹಾಕಿಕೊಡುವವರೊಬ್ಬರು ನನ್ನ ಪರಿಚಯದವರು. ಅವರು ಹೇಳಿದರು, ಎಲ್ಲಕ್ಕಿಂತ ಹೆಚ್ಚು ಕೇಳಿ ಬರುವುದು ಇಂಗ್ಲೆಂಡಿನವರ ಅಸ್ಥಿಪಂಜರದ ಚಿತ್ರ, ಹಾಕಿಕೊಳ್ಳುವವರಲ್ಲಿ ಅರ್ಧ ಜನರಿಗೆ ಹಾಡು ಗೊತ್ತಿರುತ್ತದೋ ಇಲ್ಲವೋ ಎಂದು. ಅವರು ದೊಡ್ಡಣ್ಣನವರಿಗಿಂತಲೂ ಹಿರಿಯರು, ಭಾರತಕ್ಕೆ ಬಂದರೆ ಇಲ್ಲಿಂದ ರೈಲು ಹತ್ತಿ ಹೋಗುವವರು ಇದ್ದಾರೆ.

ಫೋನಿನಲ್ಲಿ ಕೇಳುವವರ ಲೆಕ್ಕ ತೋರಿಸುತ್ತಾರಲ್ಲ, ಅದನ್ನು ನೋಡಲು ಮಣಿಪಾಲದ ಆ ಹಳೆಯ ಗಿಟಾರ್ ಹುಡುಗ ಕಲಿಸಿಕೊಟ್ಟ. ಈಗ ಅವನು ಅಲ್ಲೇ ಪಾಠ ಮಾಡುತ್ತಾನೆ. ಆ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ ಇರುವುದು ಅಮೆರಿಕದ ಇನ್ನೊಂದು ತಂಡ. ಅರ್ಧ ಹಾಡುತ್ತಾರೆ, ಅರ್ಧ ಮಾತಿನಲ್ಲೇ ಲಯ ಹಿಡಿಯುತ್ತಾರೆ. ಇದನ್ನು ನಾನು ಚಹಾದಂಗಡಿಯಲ್ಲಿ ಹೇಳಿದ್ದೇ ತಪ್ಪಾಯಿತು. ಪಕ್ಕದ ಬೆಂಚಿನ ಇಬ್ಬರು ವಿದ್ಯಾರ್ಥಿಗಳು ಅದು ಮೆಟಲ್ಲೇ ಅಲ್ಲ ಎಂದು ನನ್ನ ಮೇಲೆ ಬಿದ್ದರು, ಮೂರನೆಯವನು ಅವರಿಬ್ಬರ ಮೇಲೆ ಬಿದ್ದ. ಯಕ್ಷಗಾನದ ತೆಂಕುತಿಟ್ಟಿನವರೂ ಬಡಗುತಿಟ್ಟಿನವರೂ ಒಂದೇ ಬೆಂಚಿನಲ್ಲಿ ಕುಳಿತ ಹಾಗಾಯಿತು. ನನಗೆ ಆ ಜಗಳ ಚಿಕ್ಕಂದಿನಿಂದಲೂ ಗೊತ್ತು, ಚಹಾ ಕುಡಿದು ಎದ್ದು ಬಂದೆ.

ಮುಖವಾಡದವರು ಒಂಬತ್ತು ಜನ. ಅವರಲ್ಲದೆ ಈಚೆಗೆ ಬಂದ ಇನ್ನೊಂದು ಮುಖವಾಡದ ತಂಡವೂ ಇದೆ, ಹಾಡುವವನ ಹೆಸರನ್ನೂ ಹೇಳುವುದಿಲ್ಲವಂತೆ, ಹದಿನೆಂಟು ಇಪ್ಪತ್ತರ ಮಕ್ಕಳಿಗೆ ಅವರೆಂದರೆ ಪ್ರಾಣ. ವೇಷ ಕಟ್ಟಿದ ಮೇಲೆ ಮನೆಯ ಹೆಸರು ಹೇಳಬಾರದು ಎಂಬುದನ್ನು ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಕಿಯವರು ಜರ್ಮನಿಯವರು, ತಮ್ಮ ಭಾಷೆ ಬಿಟ್ಟು ಬೇರೆಯದರಲ್ಲಿ ಹಾಡುವುದೇ ಅಪರೂಪ, ವೇದಿಕೆಯಲ್ಲಿ ನಿಜವಾದ ಬೆಂಕಿ ಎಬ್ಬಿಸುತ್ತಾರೆ. ಅವರ ಭಾಷೆ ಬಾರದ ಊರಿನಲ್ಲೂ ಜನ ಅಕ್ಷರ ಬಿಡದೆ ಜೊತೆಗೆ ಹಾಡುತ್ತಾರೆ. ತುಳುವಿನಲ್ಲಿ ಹಾಡಿದರೆ ಯಾರು ಕೇಳುತ್ತಾರೆ ಎನ್ನುವ ನಮ್ಮವರು ಇದನ್ನು ನೋಡಬೇಕು.

ಹೀಗೆ ನೋಡುತ್ತಾ ಹೋದವನಿಗೆ ಒಂದು ಮಧ್ಯಾಹ್ನ ಉಕ್ರೇನಿನ ಒಂದು ತಂಡ ಸಿಕ್ಕಿತು. ಹಾಡುವವಳು ಹೆಂಗಸು. ಮೊದಲು ಮೆಲ್ಲಗೆ, ಜೋಗುಳದಷ್ಟು ಮೆಲ್ಲಗೆ. ಆಮೇಲೆ ಅವಳ ಭುಜ ಎದ್ದಿತು. ಅಂಗಡಿಯ ಸ್ಪೀಕರಿಗೆ ಫೋನ್ ಸಿಕ್ಕಿಸಿದ್ದೆ, ಎದುರಿನ ಹೋಟೆಲಿನವರು ಹೊರಗೆ ಬಂದು ನೋಡಿದರು. ಕೆನಡಾದಲ್ಲಿ ಒಬ್ಬಳು, ಸ್ವೀಡನ್ನಿನ ಒಂದು ತಂಡದಲ್ಲಿ ವರ್ಷಗಳಿಂದ ಹೆಂಗಸರೇ. ಫೋನಿನ ಲೆಕ್ಕದಲ್ಲಿ ಮುಂದಿದ್ದ ಆ ಅಮೆರಿಕದ ತಂಡದಲ್ಲೂ ಈಗ ಗಂಟಲು ಹರಿಯುವ ಹಾಗೆ ಕೂಗುವವಳು ಒಬ್ಬ ಹೆಂಗಸು. ಎಲ್ಲ ಕಡೆಯೂ ಭುಜ ಏಳುತ್ತದೆ, ಸ್ವರ ಮೇಲಕ್ಕೆ ಬರುತ್ತದೆ. ಅಲ್ಲಿಯ ಸೌಂಡಿನವನು ಆ ಕ್ಷಣಕ್ಕೆ ಇನ್ನೂ ಸ್ವಲ್ಪ ಏರಿಸುತ್ತಾನೆ, ಅದು ನನ್ನಂಥವನ ಕಿವಿಗೆ ಗೊತ್ತಾಗುತ್ತದೆ.

ಜೊತೆಗಾರರು ಸ್ಪೀಕರಿನ ಮೇಲೆ ಕೈಯಿಟ್ಟು ನಿಂತಿದ್ದವರು ಹೇಳಿದರು, "ಅಣ್ಣಾರ, ಇನ್ನ ಎಷ್ಟ ನೋಡ್ತೀರಿ? ಹೋಗಿ ಹೇಳ್ಬರ್ರಿ."

ಮುಂದಿನ ಆದಿತ್ಯವಾರ ಮಟ್ಟುಗುಳ್ಳ ಬದನೆ ನಾಲ್ಕು ಕೆ.ಜಿ. ಚೀಲಕ್ಕೆ ಹಾಕಿಕೊಂಡು ಕಾರ್ಕಳಕ್ಕೆ ಹೋದೆ. ಭಾವ ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಗುಳ್ಳ ಹೆಚ್ಚುತ್ತಿದ್ದಳು, ಮಗಳು ಮೇಜಿನ ಮೇಲೆ ಪುಸ್ತಕ ಹರಡಿಕೊಂಡಿದ್ದಳು. ನಾನು ನೇರ ವಿಷಯಕ್ಕೆ ಬರುವುದು ಬಿಟ್ಟು, ದೊಡ್ಡಣ್ಣನವರು, ಬೆಂಕಿಯವರು, ಕೋಟಿಗಟ್ಟಲೆ ಜನ ಎಂದು ಭಾಷಣ ಶುರುಮಾಡಿದೆ. ಇದೆಲ್ಲ ಕೆಟ್ಟದ್ದಲ್ಲ, ಒಳ್ಳೆಯ ಮನೆಯ ಹೆಂಗಸರೂ ಹಾಡುತ್ತಾರೆ ಎಂದೆ. ಅವಳು ಪೆನ್ನು ಕೆಳಗಿಟ್ಟಳು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಾಮ, ಇದೆಲ್ಲ ನನಗೆ ಗೊತ್ತುಂಟು. ನೀವು ಯಾಕೆ ಹೇಳ್ತಾ ಇದ್ದೀರಿ?"

ಆಗ ಹೇಳಿದೆ. ನಿನ್ನ ಗಂಟಲಿನದ್ದು ಏನೂ ತಪ್ಪಿಲ್ಲ, ನೀನು ಗ್ರೌಲ್ ಮಾಡಿದಾಗಲೆಲ್ಲ ನಾನು ಫೇಡರ್ ಕೆಳಗೆ ಎಳೆದೆ, ಆಮೇಲೆ ನಿನ್ನ ಹತ್ತಿರ ಸುಳ್ಳು ಹೇಳಿದೆ ಎಂದು. ಅಭ್ಯಾಸ, ಭುಜ ಎದ್ದರೆ ನನ್ನ ಕೈ ತನ್ನಷ್ಟಕ್ಕೇ ಹೋಗುತ್ತದೆ, ಸ್ವರ ಒಡೆದವರ ಮಾನ ಉಳಿಸುವುದು ನಮ್ಮ ಕೆಲಸದ ಕ್ರಮ ಎಂದೂ ಸೇರಿಸಿದೆ. ಅಕ್ಕನ ಕತ್ತಿ ನಿಂತಿತು.

ಅವಳು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದಳು. ಅಳಲಿಲ್ಲ, ಸ್ವರ ಏರಿಸಲಿಲ್ಲ.

"ನನಗಿಂತ ಮೊದಲು ಮೂರು ತಂಡ ಇತ್ತಲ್ವಾ ಮಾಮ. ಮೂರರಲ್ಲೂ ಹುಡುಗರು ಗ್ರೌಲ್ ಮಾಡಿದ್ರು. ಅವರದ್ದು ಎಳೆದ್ರಾ?"

ಎಳೆದಿರಲಿಲ್ಲ. ಆ ಮೂವರ ಭುಜವೂ ಎದ್ದಿತ್ತು. ನಾನು ಕೈ ಕಟ್ಟಿಕೊಂಡು ಕುಳಿತು ಕೇಳಿದ್ದೆ, ಒಬ್ಬನಿಗೆ ಸ್ವಲ್ಪ ಏರಿಸಿಯೂ ಕೊಟ್ಟಿದ್ದೆ. ಹತ್ತು ವರ್ಷಗಳಿಂದ ಅದೆಷ್ಟೋ ಹುಡುಗರು ನನ್ನ ಮೈಕಿನಲ್ಲಿ ಗುಡುಗಿದ್ದಾರೆ, ಒಬ್ಬರದ್ದೂ ಎಳೆದವನಲ್ಲ. ಈ ಸಂಗತಿಯನ್ನು ನಾನು ಇಲ್ಲಿಯೂ ಈವರೆಗೆ ಬರೆಯಲಿಲ್ಲ, ನೋಡಿ. ಮರೆತು ಬಿಟ್ಟದ್ದು ಎಂದರೆ ಅದೂ ಇನ್ನೊಂದು ಸುಳ್ಳಾಗುತ್ತದೆ.

"ಇಲ್ಲ" ಎಂದೆ.

"ಹಾಗಾದ್ರೆ ಅಭ್ಯಾಸ ಅಲ್ಲ ಅದು."

"ಅಲ್ಲ."

"ಯಾರ ಮಾನ ಉಳಿಸ್ಲಿಕ್ಕೆ ಮಾಡಿದ್ದು?"

ಎರಡನೆಯ ಸಾಲಿನಲ್ಲಿ ಭಾವ ಬಿಳಿ ಅಂಗಿಯಲ್ಲಿ ಕುಳಿತಿದ್ದರು. ಸುತ್ತ ಮುತ್ತ ನನ್ನನ್ನು ಗುರುತಿಸುವ ಹತ್ತಾರು ಜನರಿದ್ದರು. ನಮ್ಮ ಮನೆಯ ಹುಡುಗಿ ಎಲ್ಲರ ಎದುರು ಹಾಗೆ ಬಾಯಿ ತೆರೆದು ಗುಡುಗಿದ್ದಕ್ಕೆ ನನಗೆ ನಾಚಿಕೆಯಾಗಿತ್ತು. ಅಷ್ಟೇ. ಇಷ್ಟು ಸಣ್ಣ ಸತ್ಯವನ್ನು ಒಪ್ಪಿಕೊಳ್ಳಲು ಜಗತ್ತಿನ ಮೆಟಲ್ ತಂಡಗಳನ್ನೆಲ್ಲ ಸುತ್ತಿ ಬಂದಿದ್ದೆ. "ನನ್ನದೇ" ಎಂದೆ.

"ಇಷ್ಟು ತಿಂಗಳು ನಾನು ನನ್ನ ಗಂಟಲಿಗೆ ಬೈತಾ ಇದ್ದೆ ಮಾಮ" ಎಂದು ಹೇಳಿ ಅವಳು ಪುಸ್ತಕ ಮುಚ್ಚಿ ಒಳಗೆ ಹೋದಳು. ಊಟಕ್ಕೂ ಹೊರಗೆ ಬರಲಿಲ್ಲ. ಅಕ್ಕ ನನಗೆ ಬಡಿಸುತ್ತಾ, "ಅಂದ್ರೆ ಅದು ಕೆಮ್ಮು ಅಲ್ವಾ?" ಎಂದು ಕೇಳಿದಳು. ಅಲ್ಲ ಎಂದೆ. ನಾನು ಉಂಡ ಶಾಸ್ತ್ರ ಮಾಡಿ ಎದ್ದು ಬಂದೆ. ಅದರ ನಂತರದ ದಿನಗಳು ನನಗೆ ಬಹಳ ಕೆಟ್ಟವು. ಫೋನ್ ಮಾಡಿದರೆ ಅವಳು ಎತ್ತುತ್ತಿರಲಿಲ್ಲ.

ಮೂರು ವಾರ ಕಳೆದ ಮೇಲೆ ಅಕ್ಕ ಫೋನ್ ಮಾಡಿದಳು. "ತಾರಸಿಯಲ್ಲಿ ಪುನಃ ಶುರು ಆಗಿದೆ. ಕಷಾಯವೂ ಶುರು. ಈ ಸಲ ಗೊತ್ತಿದ್ದೇ ಕೊಡುವುದು, ಗಂಟಲಿಗೆ ಒಳ್ಳೆದೇ ಅಲ್ವಾ" ಎಂದಳು. ಭಾವ ಏನು ಹೇಳಿದರು ಎಂದು ಕೇಳಿದೆ. ಅವರಿಗೆ ಇನ್ನೂ ಅರ್ಥ ಆಗಲಿಲ್ಲ, ಆದರೆ ಪೇಪರ್ ಓದುವುದನ್ನು ಬೆಳಿಗ್ಗೆ ಬೇರೆ ಕೋಣೆಗೆ ಬದಲಾಯಿಸಿದ್ದಾರೆ ಎಂದಳು.

ಈ ಚಳಿಗಾಲದಲ್ಲಿ ಕಾಪುವಿನ ಯುವಕರು ಕಡಲ ಬದಿಯಲ್ಲಿ ಒಂದು ಸಂಜೆ ಹಾಡಿನ ಕಾರ್ಯಕ್ರಮ ಇಟ್ಟರು. ಅವಳ ತಂಡವನ್ನೂ ಕರೆದಿದ್ದರು. ಸೌಂಡ್ ಹೇಗೂ ನನ್ನದೇ, ಅಂಗಡಿ ಅಲ್ಲಿಂದ ಕೂಗಳತೆಯ ದೂರ. ಎರಡು ದಿನ ಮೊದಲು ಅವಳ ಫೋನ್ ಬಂತು, ಅಷ್ಟು ತಿಂಗಳಲ್ಲಿ ಮೊದಲ ಸಲ.

"ಮಾಮ, ಸ್ಪೀಕರ್ ಮೈಕ್ ನಿಮ್ಮದೇ ಇರಲಿ. ಆದ್ರೆ ಆ ದಿನ ಮಿಕ್ಸರಿನಲ್ಲಿ ನೀವು ಬೇಡ. ನಿಮ್ಮ ಜೊತೆಯವರು ಕೂತ್ಕೊಳ್ಳಲಿ."

ಆಯಿತು ಎಂದೆ. ನೋವಾಯಿತು. ಮೂವತ್ತು ವರ್ಷದಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಹೇಳಬೇಕಾದವಳೇ ಹೇಳಿದಳು ಎಂದೂ ಅನ್ನಿಸಿತು. "ನಾನು ಬರಬಹುದಾ?" ಎಂದು ಕೇಳಿದೆ. "ಬನ್ನಿ. ಎದುರು ಕೂತ್ಕೊಳ್ಳಿ" ಎಂದಳು.

ಆ ಸಂಜೆ ಪ್ಲಾಸ್ಟಿಕ್ ಕುರ್ಚಿಗಳ ಮೂರನೆಯ ಸಾಲಿನಲ್ಲಿ ಕುಳಿತೆ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡೆ. ಅಕ್ಕ ಮತ್ತು ಭಾವ ಎದುರಿನ ಸಾಲಿನಲ್ಲಿದ್ದರು. ಸೂರ್ಯ ಮುಳುಗಲು ಇನ್ನೂ ಹೊತ್ತಿತ್ತು. ಪಕ್ಕದ ಕುರ್ಚಿಯಲ್ಲಿ ನಮ್ಮೂರಿನ ದೊಡ್ಡ ಮನೆಯ ಹಿರಿಯರೊಬ್ಬರು ಮೊಮ್ಮಕ್ಕಳ ಜೊತೆ ಬಂದು ಕುಳಿತರು. ಅವರ ಮನೆಯ ಯಾವ ಮದುವೆಗೂ ಸೌಂಡ್ ನನ್ನದೇ.

ಮೆಲ್ಲಗಿನ ಭಾಗ ಮುಗಿಯಿತು. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. ಜೊತೆಗಾರರು ಏನೂ ಮಾಡಲಿಲ್ಲ, ಬಿಟ್ಟುಬಿಟ್ಟರು. ಆ ಗುಡುಗು ಪೂರ್ತಿಯಾಗಿ ಬಂತು. ನನ್ನದೇ ಸ್ಪೀಕರುಗಳು, ಅವುಗಳಿಂದ ಅಂಥದ್ದು ಬಂದದ್ದನ್ನು ನಾನು ಕೇಳಿರಲಿಲ್ಲ. ಕುರ್ಚಿ ನಡುಗಿತು, ಎದ್ದು ಹೋಗಲು ನೋಡಿದ ಇಬ್ಬರು ಅಲ್ಲೇ ನಿಂತರು. ಭಾವನ ಬೆನ್ನು ಕೋಲಿನಂತೆ ನೆಟ್ಟಗಾಯಿತು. ಅಕ್ಕ ಅವರ ತೋಳು ಹಿಡಿದುಕೊಂಡಳು.

ಪಕ್ಕದ ಹಿರಿಯರು ನನ್ನ ಕಡೆಗೆ ಬಾಗಿದರು. "ಎಂತ ಇದು? ಆ ಹುಡುಗಿ ಯಾರದ್ದು?"

"ನನ್ನ ಅಕ್ಕನ ಮಗಳು" ಎಂದೆ.

ಅವರಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಅಡ್ಡ ಹಿಡಿದು ಇನ್ನೊಮ್ಮೆ ಕೇಳಿದರು. ನಾನು ಎದ್ದು ನಿಂತು, ಆ ಸಾಲಿಗೆಲ್ಲ ಕೇಳುವ ಹಾಗೆ, ಕೂಗಿ ಹೇಳಿದೆ.